ಮೊಸಳೆಗುಡ್ಡದಲ್ಲಿ ಬೀಗರ ಗಾಳಯುದ್ಧ

ಎಲೈ ಲವಣಾಂಬುರಾಶಿಯೇ, ತಿಮಿತಿಮಿಂಗಿಲಾದಿ ಸಕಲ ಜಲಚರಗಳಿಗೆ ತೊಟ್ಟಿಲೂ ಮಸಣವೂ ಆದ ಪಶ್ಚಿಮಸಮುದ್ರವೇ, ನಿನ್ನ ಗರ್ಜನೆಯನ್ನು ಅರೆಗಳಿಗೆ ತಗ್ಗಿಸು, ಹೇಳಬೇಕಾದ ಕಥೆಯೊಂದಿದೆ. ದೇವದಾನವರು ಮಂದರಪರ್ವತವನ್ನು ಕಡೆಗೋಲಾಗಿಸಿ ನಿನ್ನನ್ನು ಕಡೆದ ಕಾಲ ಹೋಯಿತು. ಕಪಿಸೇನೆ ಕಲ್ಲು ಹೊತ್ತು ನಿನ್ನ ಬೆನ್ನ ಮೇಲೆ ಸೇತುವೆ ಕಟ್ಟಿದ ಕಾಲವೂ ಹೋಯಿತು. ದ್ವಾರಕೆಯನ್ನು ನೀನು ನುಂಗಿ ನೀರು ಕುಡಿದದ್ದೂ ಹಳೆಯ ಮಾತಾಯಿತು. ಈಗ ನಡೆಯುತ್ತಿರುವುದು ಕಲಿಯುಗ. ಅದರಲ್ಲೂ ನಿವೃತ್ತರ ಯುಗ. ಈ ಯುಗದ ವೀರರಿಗೆ ಭುಜಬಲ ಉಡುಗಿದೆ, ಬಾಯಿಬಲ ಉಳಿದಿದೆ. ಹೊತ್ತು ಧಾರಾಳವಾಗಿದೆ, ಅದನ್ನು ಕಳೆಯಲು ಶತ್ರುಗಳೇ ಸಿಗುವುದಿಲ್ಲ. ಶತ್ರು ಸಿಗದ ವೀರನು ಏನು ಮಾಡುತ್ತಾನೆ? ನೆಂಟರಲ್ಲಿ ಹುಡುಕುತ್ತಾನೆ.

ಹಾಗೆ ಹುಡುಕಿ ಪಡೆದವರ ಕಥೆಯಿದು. ಕೇಳಿರಿ.

ಅಂಕೋಲೆಯ ಸೀಮೆಯಲ್ಲಿ, ಗದ್ದೆ ಮುಗಿದು ಮರಳು ಮೊದಲಾಗುವಲ್ಲಿ, ಸಣ್ಣಬೇಣವೆಂಬ ಊರು. ಅಲ್ಲಿ ವಾಸವಾಗಿದ್ದನು ಬಸ್‌ನಿಲ್ದಾಣೈಕಸಾರ್ವಭೌಮ, ಧ್ವನಿವರ್ಧಕತಿರಸ್ಕಾರಿ ಮಹಾಕಂಠ, ಹಮ್ಮಣ್ಣ ನಾಯಕನು. ತಲೆಗೂದಲು ಕಪ್ಪಿದ್ದಾಗಿನಿಂದ ಬಿಳಿಯಾಗುವ ತನಕ ಬಸ್ ನಿಲ್ದಾಣದಲ್ಲಿ ಕಂಟ್ರೋಲರನಾಗಿ ಕುಳಿತು, ಕಾರವಾರದ ಬಸ್ಸನ್ನು ಕಾರವಾರಕ್ಕೂ ಕುಮಟೆಯ ಬಸ್ಸನ್ನು ಕುಮಟೆಗೂ ಅಟ್ಟಿದ ಮಹಾನುಭಾವನೀತ. ಈತನು ಕೂಗಿ ಹೇಳಿದ ಊರಿಗೆ ಹೋಗದ ಬಸ್ಸಿಲ್ಲ ಎಂಬ ಖ್ಯಾತಿಯಿತ್ತು. ನಿವೃತ್ತಿಯ ಮಾರನೆಯ ದಿನ ಮನೆಯ ಅಂಗಳದಲ್ಲಿ ನಿಂತು ನೋಡಿದರೆ ಹೊರಡಿಸಲು ಏನೂ ಇರಲಿಲ್ಲ. ಕೋಳಿಗಳು ಸಹ ತಮಗೆ ತೋಚಿದ ಕಡೆ ಹೋಗುತ್ತಿದ್ದವು. ಆ ದುಃಖದಲ್ಲಿ ಅವನು ಗಾಳ ಹಿಡಿದನು. ಪ್ಲಾಸ್ಟಿಕ್ ಬಾಟಲಿಗೆ ಸುತ್ತಿದ ನೈಲಾನ್ ದಾರ, ತುದಿಗೆ ಸೀಸದ ಗುಂಡು, ಅದರ ಕೆಳಗೆ ಕೊಕ್ಕೆ: ಇದೇ ಅವನ ಗಾಂಡೀವ, ಇದೇ ಅವನ ಅಕ್ಷಯ ತೂಣೀರ.

ಅವನ ಎದುರಾಳಿಯಾದರೂ ಸಾಮಾನ್ಯನೇ? ಗಂಗಾವಳಿ ಹೊಳೆಯಾಚೆಯ ಬೊಮ್ಮಯ್ಯ ನಾಯಕನು, ಸೀಟಿವಾದ್ಯವಿಶಾರದ, ದಂಡಬೈಠಕ್ ದಂಡನಾಯಕ, ನಿವೃತ್ತ ಪಿ.ಟಿ. ಮಾಸ್ತರ. ತಲೆಮಾರುಗಳನ್ನು ಬಿಸಿಲಲ್ಲಿ ನಿಲ್ಲಿಸಿ ತಾನು ಬಾದಾಮಿ ಮರದ ನೆರಳಲ್ಲಿ ನಿಂತು ಶಿಸ್ತು ಕಲಿಸಿದವನು. ಅವನದು ಬಾಟಲಿಯ ಗಾಳವಲ್ಲ. ಗೋವಾದಿಂದ ತರಿಸಿದ, ಮಡಚಿದರೆ ಛತ್ರಿ, ಬಿಡಿಸಿದರೆ ಆಕಾಶ ಎಂಬಂಥ ಕೋಲು. ಅದಕ್ಕೆ ಗಿರಗಿರ ತಿರುಗುವ ರೀಲು. ಬೆಳಗಿನ ವ್ಯಾಯಾಮವಾದ ಮೇಲೆ ಅದಕ್ಕೆ ಎಣ್ಣೆ ಒರೆಸುವುದು ಅವನ ನಿತ್ಯಕರ್ಮ. ಅದರಿಂದ ಹಿಡಿದ ಮೀನು ಎಷ್ಟೆಂದು ಕೇಳುವವರನ್ನು ಅವನು ಎರಡನೆಯ ಸಲ ಮನೆಗೆ ಕರೆಯುತ್ತಿರಲಿಲ್ಲ.

ಬೊಮ್ಮಯ್ಯನ ಮಗನಿಗೆ ಹಮ್ಮಣ್ಣನ ಮಗಳು ಶುಭಾಂಗಿಯನ್ನು ಕೊಟ್ಟು ಮದುವೆಯಾಗಿತ್ತು. ಹಾಗಾಗಿ ಇಬ್ಬರೂ ಬೀಗರು. ಶುಭಾಂಗಿ ಕೋರ್ಟಿನಲ್ಲಿ ವಕೀಲೆ. ಈಗ ಏಳನೆಯ ತಿಂಗಳ ಗರ್ಭಿಣಿ, ಬಯಕೆ ಊಟಕ್ಕೆಂದು ತವರಿಗೆ ಬಂದಿದ್ದಳು. ಊಟವಿದ್ದುದು ನಾಡಿದ್ದು. ಬೊಮ್ಮಯ್ಯನು ಮಾತ್ರ ಹೆಂಡತಿ ಮಗ ಹೊರಡುವ ಮೊದಲೇ, ಚೀಲದಲ್ಲಿ ಒಂದು ಜೊತೆ ಬಟ್ಟೆಯನ್ನೂ ಉದ್ದದ ಪೊಟ್ಟಣದಲ್ಲಿ ಆ ಕೋಲನ್ನೂ ಇಟ್ಟುಕೊಂಡು ಬಂದಿಳಿದಿದ್ದನು.

ಆ ಸಾಯಂಕಾಲ ಜಗಲಿಯಲ್ಲಿ ಚಹಾ ಅವಲಕ್ಕಿಯ ನಡುವೆ ಯುದ್ಧದ ಕಿಡಿ ಹಾರಿತು.

"ಮೊಮ್ಮಗ ಹುಟ್ಟೋದು ಈ ಮನೇಲಿ," ಎಂದನು ಹಮ್ಮಣ್ಣ, ಲೋಟವನ್ನು ಕೆಳಗಿಟ್ಟು. "ನಮ್ಮ ಅಪ್ಪನ ಹೆಸರು ಇಡುವಾ ಅಂತ. ಬೀರಣ್ಣ."

ಬೊಮ್ಮಯ್ಯನ ಬಾಯಲ್ಲಿದ್ದ ಅವಲಕ್ಕಿ ಅಲ್ಲಿಯೇ ನಿಂತಿತು. "ಹುಟ್ಟೋದು ಎಲ್ಲಾದರೂ ಹುಟ್ಟಲಿ ಬೀಗರೇ. ವಂಶ ನಮ್ಮದಲ್ದಾ? ಗಂಡಿನ ಕಡೆಯ ಮುತ್ತಜ್ಜನ ಹೆಸರು ಇಡೋದು ಮೊದಲಿಂದ ಬಂದ ಪದ್ಧತಿ. ನಮ್ಮ ಅಪ್ಪನ ಹೆಸರೇ, ದೇವಣ್ಣ ಅಂತಲೇ ಆಗಬೇಕು."

ಹುಟ್ಟಲಿರುವುದು ಗಂಡೇ ಎಂಬುದನ್ನು ಇಬ್ಬರಿಗೂ ಯಾರು ತಿಳಿಸಿದರೋ ಕಾಣೆ. ಬ್ರಹ್ಮನು ತಿಳಿಸಿರಲಿಲ್ಲ, ಅವನು ಆ ವಿಷಯವಾಗಿ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ವಾದ ಬೆಳೆಯಿತು. ಬೀರಣ್ಣನು ಬ್ರಿಟಿಷರ ಕಾಲದಲ್ಲಿ ಹುಲಿ ಕಂಡವನೆಂದು ಒಬ್ಬ. ದೇವಣ್ಣನನ್ನು ಕಂಡ ಹುಲಿಯೇ ಹೆದರಿತ್ತೆಂದು ಇನ್ನೊಬ್ಬ. ಇಷ್ಟರಲ್ಲಿ ಒಳಗಿನಿಂದ ಶುಭಾಂಗಿಯ ಧ್ವನಿ ಕೇಳಿತು. ಅವಳು ತಾಯಿ ತುಳಸಕ್ಕನಿಗೆ ಹೇಳುತ್ತಿದ್ದುದು ಇಷ್ಟು: "ಅಮ್ಮಾ, ಮೀನು ತಂದರೆ ಹಿತ್ತಲಲ್ಲೇ ಇಟ್ಟುಬಿಡು. ವಾಸನೆ ಬಂದರೆ ಸಾಕು, ನನಗೆ ಹೊಟ್ಟೆ ತೊಳಸ್ತದೆ."

ವೀರರ ಕಿವಿಗಳ ಲಕ್ಷಣವೇ ಬೇರೆ. ರಣಭೇರಿ ಕೇಳುವ ಕಿವಿಗೆ ಮಗಳ ಮಾತು ಪೂರ್ತಿ ಕೇಳುವುದಿಲ್ಲ. ಜಗಲಿಗೆ ತಲುಪಿದ್ದು "ಮೀನು ತಂದರೆ" ಎಂಬೆರಡೇ ಶಬ್ದ. ಉಳಿದದ್ದನ್ನು ಇಬ್ಬರ ಪೌರುಷವೂ ತಾನೇ ತುಂಬಿಕೊಂಡಿತು.

"ಕೇಳಿದ್ರಾ?" ಎಂದನು ಹಮ್ಮಣ್ಣ, ಕಣ್ಣರಳಿಸಿ. "ಕೂಸಿಗೆ ಮೀನಿನ ಬಯಕೆ!"

"ಸೊಸೆಯ ಬಯಕೆ ತೀರಿಸೋದು ಮಾವನ ಧರ್ಮ," ಎಂದನು ಬೊಮ್ಮಯ್ಯ. ಎದೆ ತಾನಾಗಿಯೇ ಸಾವಧಾನ್ ಸ್ಥಿತಿಗೆ ಬಂದಿತ್ತು.

"ಅಪ್ಪ ಬದುಕಿದ್ದಾಗ ಮಾವನಿಗೆ ಯಾಕೆ ತೊಂದರೆ?"

"ಹಂಗಾದ್ರೆ ಒಂದು ಕೆಲಸ ಮಾಡುವಾ ಬೀಗರೇ. ನಾಳೆ ಬೆಳಿಗ್ಗೆ ಇಬ್ಬರೂ ಮೊಸಳೆಗುಡ್ಡಕ್ಕೆ ಹೋಗುವಾ. ಯಾರು ದೊಡ್ಡ ಮೀನು ತರ್ತಾರೋ, ಮಗುವಿಗೆ ಅವರ ಅಪ್ಪನ ಹೆಸರು."

"ಆಯ್ತು! ಮಾತು ಅಂದ್ರೆ ಮಾತು!"

ಹೀಗೆ, ಇನ್ನೂ ಮುಖ ತೋರದ ಶಿಶುವೊಂದರ ನಾಮಧೇಯವನ್ನು, ಇನ್ನೂ ಮುಖ ತೋರದ ಮೀನೊಂದರ ಬಾಲಕ್ಕೆ ಕಟ್ಟಲಾಯಿತು. ಶಿಶುವನ್ನು ಹೊತ್ತವಳನ್ನು ಕೇಳಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬಯಕೆ ತೀರಿಸುವ ಉತ್ಸಾಹದಲ್ಲಿದ್ದವರಿಗೆ ಬಯಕೆ ಏನೆಂದು ಕೇಳುವಷ್ಟು ಬಿಡುವೆಲ್ಲಿಯದು?

ಅರುಣೋದಯವಾಯಿತು. ಪೂರ್ವದ ಬೆಟ್ಟಸಾಲಿನ ಹಿಂದಿನಿಂದ ಸೂರ್ಯನು, ಇಂದು ಯಾವ ಕುರುಕ್ಷೇತ್ರವನ್ನು ನೋಡಬೇಕೋ ಎಂಬ ಆತಂಕದಿಂದಲೇ, ಮೆಲ್ಲನೆ ತಲೆ ಎತ್ತಿದನು. ದಂಡೆಯಲ್ಲಿ ಗಣಪು ಹರಿಕಂತ್ರನ ಸಣ್ಣ ದೋಣಿ ಸಿದ್ಧವಾಗಿತ್ತು. ಗಣಪು ಮೀನುಗಾರ, ಹಿಂದಿನ ದಿನ ಬಲೆ ಹರಿದಿದ್ದರಿಂದ ಅಂದು ಬಿಡುವಾಗಿದ್ದನು. ಗುಡ್ಡದ ನೆರಳಲ್ಲಿ ಲಂಗರು ಹಾಕಿ ಒಂದು ಒಳ್ಳೆಯ ನಿದ್ದೆ ತೆಗೆಯಬಹುದೆಂಬ ಲೆಕ್ಕಾಚಾರದಲ್ಲಿ ಒಪ್ಪಿಕೊಂಡಿದ್ದನು.

ವೀರರು ದೋಣಿಯೇರಿದ ಬಗೆಯನ್ನು ಹೇಗೆ ವರ್ಣಿಸಲಿ! ಹಮ್ಮಣ್ಣನು ಲುಂಗಿಯನ್ನು ಮೇಲಕ್ಕೆತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಬಾಟಲಿಯನ್ನೂ ಸೊಂಟದಲ್ಲಿ ಸಿಗಡಿಯ ಪೊಟ್ಟಣವನ್ನೂ ಧರಿಸಿ, ಮುಂಭಾಗದಲ್ಲಿ ಮೂಡಣಕ್ಕೆ ಬೆನ್ನು ಮಾಡಿ ಕುಳಿತನು. ಬೊಮ್ಮಯ್ಯನು ಬಿಳಿಯ ಕ್ಯಾನ್ವಾಸ್ ಶೂ, ಕಡು ನೀಲಿ ಟ್ರ್ಯಾಕ್ ಪ್ಯಾಂಟು, ಎಂದೋ ನಡೆದ ಜಿಲ್ಲಾ ಕ್ರೀಡಾಕೂಟದ ಟೊಪ್ಪಿ, ಕೊರಳಲ್ಲಿ ಅಭ್ಯಾಸಬಲದಿಂದ ತೂಗುವ ಸೀಟಿ, ಇವುಗಳಿಂದ ಅಲಂಕೃತನಾಗಿ ಹಿಂಭಾಗದಲ್ಲಿ ನೆಟ್ಟಗೆ ಕುಳಿತನು. ತೆರೆ ಶುರುವಾದ ಮೇಲೆ ಆ ನೆಟ್ಟಗಿನ ಭಂಗಿ ಸ್ವಲ್ಪ ಓರೆಯಾಯಿತು. ಗುಡ್ಡ ಹತ್ತಿರವಾಗುವಷ್ಟರಲ್ಲಿ ಅವನು ಬೆಳಗಿನ ಚಹಾವನ್ನು ವರುಣದೇವನಿಗೆ ಅರ್ಘ್ಯವಾಗಿ ಒಪ್ಪಿಸಿಯಾಗಿತ್ತು.

"ಬೀಗರಿಗೆ ಸಮುದ್ರ ಆಗೋದಿಲ್ಲ ಕಾಣ್ತದೆ," ಎಂದನು ಹಮ್ಮಣ್ಣ, ಅತ್ಯಂತ ಮರುಕದಿಂದ.

"ಸಮುದ್ರ ಆಗ್ತದೆ," ಎಂದನು ಬೊಮ್ಮಯ್ಯ ಬಾಯಿ ಒರೆಸಿಕೊಂಡು. "ನಿಮ್ಮನೆ ಚಹಾ ಆಗಲಿಲ್ಲ."

ಮೊಸಳೆಗುಡ್ಡವೆಂದರೆ ದಂಡೆಗೆ ಕಾಣುವಷ್ಟೇ ದೂರದಲ್ಲಿ, ಅಲೆಗಳ ನಡುವೆ ಮೊಸಳೆಯಂತೆ ಬಿದ್ದುಕೊಂಡಿರುವ ಕಪ್ಪು ಬಂಡೆಯ ನಡುಗಡ್ಡೆ. ಬೆನ್ನ ಮೇಲೆ ನಾಲ್ಕು ಕುರುಚಲು ಗಿಡ, ಒಂದಿಷ್ಟು ಹಕ್ಕಿಯ ಹಿಕ್ಕೆ, ಮಿಕ್ಕದ್ದು ಕಲ್ಲು. ಅದರ ಮೂತಿಯ ತುದಿಯಲ್ಲಿ, ಆಳವಾದ ನೀರಿಗೆ ಎದುರಾಗಿ, ಒಂದು ಮಹಾಶಿಲೆಯಿದೆ. ಸಮುದ್ರವೇ ಕುಳಿತು ಕಡೆದಂತೆ ಅದಕ್ಕೆ ಸಪಾಟಾದ ಪೀಠವೂ, ಹಿಂದೆ ಒರಗಲು ಎತ್ತರದ ಬೆನ್ನೂ ಇವೆ. ಊರವರು ಅದನ್ನು ಒರಗುಗಲ್ಲು ಎನ್ನುತ್ತಾರೆ. ಅಲ್ಲಿ ಕುಳಿತು ಗಾಳ ಹಾಕಿದವನಿಗೆ ಮೀನು ತಾನಾಗಿ ಬರುತ್ತದೆಂದು ಪ್ರತೀತಿ.

ಹಮ್ಮಣ್ಣನು ದೋಣಿಯಿಂದ ಮೊದಲು ಧುಮುಕಿ, ಓಡಲಾರದೆ ಓಡಿ, ತಲೆಯ ಟವೆಲನ್ನು ಬಿಚ್ಚಿ ಆ ಪೀಠದ ಮೇಲೆ ಎಸೆದನು. ಹಿಂದೆಯೇ ಬಂದ ಬೊಮ್ಮಯ್ಯನು ಟವೆಲನ್ನು ನೋಡಿದನು. ಅದರ ಪಕ್ಕದಲ್ಲಿ ತನ್ನ ಬುತ್ತಿಯ ಡಬ್ಬವನ್ನು ಠಣ್ಣೆಂದು ಇಟ್ಟನು.

ಆಗ ಹಮ್ಮಣ್ಣನು ಎಡಗೈಯನ್ನು ಸೊಂಟದ ಮೇಲಿಟ್ಟು, ಬಲಗೈಯನ್ನು ಪಡುವಣದ ಕಡೆಗೆ ಚಾಚಿ, ಸಮುದ್ರಘೋಷವನ್ನು ಮೀರಿಸುವ ಕಂಠದಿಂದ ಹೀಗೆ ನುಡಿದನು: "ಎಲೈ ನದೀಪಾರದ ನೆಂಟನೇ! ನನ್ನ ಅಜ್ಜನ ಅಜ್ಜನು ಈ ದಂಡೆಯಲ್ಲಿ ಮರಳಾಡಿದನು. ಈ ನೀರಿನ ಉಪ್ಪು ನನ್ನ ರಕ್ತದಲ್ಲಿದೆ. ಈ ಕಲ್ಲಿನ ಕಪ್ಪು ನನ್ನ ಚರ್ಮದಲ್ಲಿದೆ. ಹೊಳೆಯ ಸಿಹಿನೀರಲ್ಲಿ ಕಾಲು ತೊಳೆದು ಬೆಳೆದ ನೀನು, ಕಡಲಿನ ಸಿಂಹಾಸನಕ್ಕೆ ಕೈ ಚಾಚುವೆಯಾ? ಸರಿ ಆಚೆ!"

ಕವಿಯು ಹೀಗೆ ಹೇಳಬೇಕು; ಅದು ಕವಿಧರ್ಮ. ದೋಣಿಯಲ್ಲಿದ್ದ ಗಣಪುವಿಗೆ ಕೇಳಿದ್ದು ಮಾತ್ರ, "ಬೀಗರೇ, ಅದು ನಾನು ಹಿಡಿದ ಜಾಗ" ಎಂಬಷ್ಟೇ.

ಅದಕ್ಕೆ ಬೊಮ್ಮಯ್ಯನು, "ಇದೆಂಥ ಬಸ್ ಸೀಟಾ ಬೀಗರೇ, ಟವೆಲ್ ಹಾಕಿ ಹಿಡೀಲಿಕ್ಕೆ?" ಎಂದನು.

ಹಮ್ಮಣ್ಣನ ಮರ್ಮಕ್ಕೆ ಬಾಣ ನಾಟಿತು. ಬಸ್ಸಿನ ಬಗ್ಗೆ ಅವನೆದುರು ಯಾರೂ ಹಗುರವಾಗಿ ಮಾತಾಡಿದ್ದಿಲ್ಲ. "ಟವೆಲ್ಲಿಗೆ ಇರೋ ಮರ್ಯಾದೆ ಸೀಟಿಗಿಲ್ಲ, ತಿಳೀತಾ?" ಎಂದನು.

ವಾದ ಮುಂದುವರಿಯಿತು, ಬಿಸಿಲು ಏರಿತು, ಮೀನುಗಳು ಬಂದು ಹೋದವು. ಕಡೆಗೆ ಸಂಧಿಯಾಯಿತು: ಒರಗುಗಲ್ಲಿನ ಮೇಲೆ ಇಬ್ಬರೂ ಕೂರತಕ್ಕದ್ದಲ್ಲ. ಹಮ್ಮಣ್ಣನು ಅದರ ತೆಂಕಣ ಮಗ್ಗುಲಿಗೆ, ಬೊಮ್ಮಯ್ಯನು ಬಡಗಣ ಮಗ್ಗುಲಿಗೆ ಹೋಗಿ, ಚಿಪ್ಪು ಅಂಟಿದ ಮೊನಚು ಕಲ್ಲುಗಳ ಮೇಲೆ ಕುಕ್ಕರಗಾಲಲ್ಲಿ ಕುಳಿತರು. ನಡುವೆ ಆ ಬಂಡೆಯ ಬೆನ್ನು ಗೋಡೆಯಂತೆ ಎದ್ದಿದ್ದರಿಂದ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಮೂವರು ಆರಾಮವಾಗಿ ಕೂರಬಹುದಾದ ಆ ಪೀಠವು ಖಾಲಿಯಾಗಿ ಉಳಿಯಿತು. ಒಂದು ಕಡಲಕಾಗೆ ಬಂದು ಅದರ ಮೇಲೆ ಕುಳಿತು, ಯಾವ ಒಪ್ಪಂದಕ್ಕೂ ಸಹಿ ಹಾಕದವರ ನೆಮ್ಮದಿಯಿಂದ ರೆಕ್ಕೆ ಕೆದರಿಕೊಂಡಿತು.

ಈಗ ಶಸ್ತ್ರಪ್ರಯೋಗ. ಬೊಮ್ಮಯ್ಯನು ಕೋಲನ್ನು ಬಿಡಿಸಿ, ಕಾಲು ಅಗಲಿಸಿ, ಮನಸ್ಸಿನಲ್ಲಿ ಒಂದು ಎರಡು ಮೂರು ಎಂದು ಎಣಿಸಿ ಬೀಸಿದನು. ಸುಂಯ್ ಎಂದು ಹೊರಟ ಕೊಕ್ಕೆಯು ಶತ್ರುವನ್ನು ಅರಸುತ್ತ ಹೋಗಿ, ದಾರಿಯಲ್ಲಿ ಅವನದೇ ಟೊಪ್ಪಿಯನ್ನು ಕಂಡು, ಅದನ್ನು ಎತ್ತಿಕೊಂಡು ಸಮುದ್ರಕ್ಕೆ ಹಾರಿತು. ಟೊಪ್ಪಿಯನ್ನು ಎಳೆದು ತಂದು, ಹಿಂಡಿ, ಮತ್ತೆ ಧರಿಸಿದನು. ಯಾರೂ ನೋಡಲಿಲ್ಲವೆಂದು ಸಮಾಧಾನಪಟ್ಟನು. ಕಡಲಕಾಗೆ ನೋಡಿತ್ತು.

ತೆಂಕಣದಲ್ಲಿ ಹಮ್ಮಣ್ಣನು ದಾರವನ್ನು ತಲೆಯ ಮೇಲೆ ಸುತ್ತಿಸಿ ಬಿಟ್ಟನು. ಗುಂಡು ಗುಳುಂ ಎಂದು ಮುಳುಗಿತು. ಎಳೆದು ನೋಡಿದರೆ ಸಿಗಡಿ ಇರಲಿಲ್ಲ. ಮತ್ತೆ ಚುಚ್ಚಿ ಬಿಟ್ಟನು, ಮತ್ತೆ ಇರಲಿಲ್ಲ. ಪಾತಾಳದ ಏಡಿಗಳಿಗೆ ಅಂದು ಸಂತರ್ಪಣೆ. ಕೊಕ್ಕೆಯೆಂಬ ಬಾಳೆಲೆಯಲ್ಲಿ ಹಮ್ಮಣ್ಣನು ಬಡಿಸಿದ, ಅವು ಉಂಡವು, ಬಡಿಸಿದ, ಉಂಡವು. ಅಷ್ಟೂ ಹೊತ್ತು ಬಂಡೆಯಾಚೆಯಿಂದ ರೀಲಿನ ಕಿರ್ರೆಂಬ ಸದ್ದು ಕೇಳಿದಾಗಲೆಲ್ಲ ಅವನ ಎದೆ ಹೊಡೆದುಕೊಳ್ಳುತ್ತಿತ್ತು. 'ಅವನಿಗೆ ಸಿಕ್ಕಿತೋ ಏನೋ!' ಬಂಡೆಯೀಚೆಯಿಂದ ಗುಳುಂ ಎಂಬ ಸದ್ದು ಕೇಳಿದಾಗ ಬೊಮ್ಮಯ್ಯನ ಎದೆಯೂ ಹಾಗೆಯೇ. ಮೀನು ಸಿಗಲಿ ಎಂಬ ಪ್ರಾರ್ಥನೆ ಇಬ್ಬರಲ್ಲೂ ಬಹಳ ಹಿಂದೆಯೇ ನಿಂತುಹೋಗಿತ್ತು. ಬೀಗನಿಗೆ ಸಿಗದಿರಲಿ ಎಂಬ ಒಂದೇ ಜಪ ನಡೆದಿತ್ತು.

ಭರತ ಏರತೊಡಗಿತು. ನೀರು ಉಬ್ಬುತ್ತ ಬಂಡೆಯ ಎರಡೂ ಮಗ್ಗುಲಿನಿಂದ ಸುತ್ತಿ ಮೂತಿಯ ಮುಂದೆ ಸುಳಿಯಾಯಿತು. ಆಗ, ಎಲೈ ಕೇಳುಗರೇ, ಆ ಮಹಾಕ್ಷಣ ಬಂದಿತು. ಹಮ್ಮಣ್ಣನ ದಾರ ಬಿಗಿಯಿತು.

ಬರಿಯ ಬಿಗಿತವಲ್ಲ, ಪಾತಾಳದಿಂದ ಯಾರೋ ಕೈಹಿಡಿದು ಕರೆದಂತೆ! ಅವನು ಎಳೆದನು. ಅದು ಮರಳಿ ಎಳೆಯಿತು. ಅದೇ ಹೊತ್ತಿಗೆ ಬಡಗಣದಲ್ಲಿ ಬೊಮ್ಮಯ್ಯನ ಕೋಲು ಬಿಲ್ಲಿನಂತೆ ಬಾಗಿತು. ಅವನು ರೀಲು ಸುತ್ತಿದನು. ನೀರೊಳಗಿನ ಮಹಾಸತ್ವವು ತಡೆದು ಜಗ್ಗಿತು.

"ಬಂತು!" ಎಂದು ಹಮ್ಮಣ್ಣ ಗರ್ಜಿಸಿದನು. "ಬೀಗರೇ, ನಂಗೆ ಬಂತು! ಇಸೋಣ ಮೀನು! ಆಳುದ್ದದ್ದು!"

"ನಂಗೂ ಬಂತು!" ಎಂದು ಬಂಡೆಯಾಚೆಯಿಂದ ಪ್ರತಿಗರ್ಜನೆ. "ನಿಮ್ಮದು ಆಳುದ್ದ ಆದ್ರೆ ನನ್ನದು ದೋಣಿಯುದ್ದ!"

ಬಿಗಿದಪ್ಪಿದ ಮಲ್ಲರಂತೆ ಯುದ್ಧ ನಡೆಯಿತು. ಹಮ್ಮಣ್ಣನು ಎಳೆದಾಗ ಬೊಮ್ಮಯ್ಯನ ಮೀನು ರೋಷಗೊಂಡು ಓಡುತ್ತಿತ್ತು. ಬೊಮ್ಮಯ್ಯನು ಸುತ್ತಿದಾಗ ಹಮ್ಮಣ್ಣನ ಮೀನು ಹುಚ್ಚೆದ್ದು ಜಗ್ಗುತ್ತಿತ್ತು. ಹಮ್ಮಣ್ಣನ ಅಂಗೈಯಲ್ಲಿ ದಾರ ಗೆರೆ ಕೊರೆಯಿತು. ಬೊಮ್ಮಯ್ಯನ ಬಿಳಿಯ ಶೂ ಪಾಚಿಯಲ್ಲಿ ಹಸಿರಾಯಿತು. "ಬಾ ಬೀರಣ್ಣಾ, ಬಾ!" ಎಂದು ಒಬ್ಬ, "ದೇವಣ್ಣಾ, ಬಿಡಬೇಡ!" ಎಂದು ಇನ್ನೊಬ್ಬ. ಸ್ವರ್ಗಸ್ಥ ಪಿತೃಗಳಿಬ್ಬರೂ ಮೇಲಿಂದ ಬಗ್ಗಿ ನೋಡಿರಬೇಕು, ಮತ್ತು ನಾಚಿ ಒಳಗೆ ಹೋಗಿರಬೇಕು.

ಈ ಕೂಗಿಗೆ ದೋಣಿಯಲ್ಲಿ ಮಲಗಿದ್ದ ಗಣಪುವಿಗೆ ಎಚ್ಚರವಾಯಿತು. ಎದ್ದು, ಕಣ್ಣುಜ್ಜಿ, ದೋಣಿಯನ್ನು ಮೂತಿಯ ಕಡೆಗೆ ತಂದನು. ಅಲ್ಲಿಂದ ಅವನಿಗೆ ಬಂಡೆಯ ಎರಡೂ ಮಗ್ಗುಲು ಒಟ್ಟಿಗೆ ಕಂಡವು. ಒಂದು ಕಡೆ ಹಿಂದಕ್ಕೆ ವಾಲಿ ದಾರ ಜಗ್ಗುವ ಒಬ್ಬ ನಾಯಕ. ಇನ್ನೊಂದು ಕಡೆ ಹಿಂದಕ್ಕೆ ವಾಲಿ ಕೋಲು ಜಗ್ಗುವ ಇನ್ನೊಬ್ಬ ನಾಯಕ. ಮಧ್ಯದಲ್ಲಿ, ನೀರಿನಿಂದ ಆಗಾಗ ಮೇಲೇಳುತ್ತಿದ್ದ, ಒಂದಕ್ಕೊಂದು ಹೊಸೆದುಕೊಂಡ ಎರಡು ದಾರ. ಸುಳಿಯು ಎರಡನ್ನೂ ಜಡೆ ಹಾಕಿತ್ತು. ಒಬ್ಬರ ಮೀನು ಇನ್ನೊಬ್ಬರೇ ಆಗಿದ್ದರು.

ಗಣಪು ಸ್ವಲ್ಪ ಹೊತ್ತು ಸುಮ್ಮನೆ ನೋಡಿದನು. ಅವನ ದೋಷವಲ್ಲ, ಯಾರಾದರೂ ನೋಡುತ್ತಿದ್ದರು. ಆಮೇಲೆ ಕೈ ಬಾಯಿಗೆ ಒಡ್ಡಿ ಕೂಗಿದನು: "ನಾಯಕ್ರೇ! ಬಿಡಿ! ದಾರ ಬಿಡಿ ನಾಯಕ್ರೇ!"

ಇಬ್ಬರೂ ನಾಯಕರೇ. ಇಬ್ಬರೂ ಕೇಳಿದರು. ಇಬ್ಬರಿಗೂ ಅದು ಇನ್ನೊಬ್ಬನಿಗೆ ಹೇಳಿದ್ದೆಂದೇ ಅನ್ನಿಸಿತು.

"ಕೇಳಿದ್ರಾ ಬೀಗರೇ, ಬಿಡಬೇಕಂತೆ!" ಎಂದು ಹಮ್ಮಣ್ಣ ಇನ್ನಷ್ಟು ಎಳೆದನು.

"ನಿಮಗೇ ಹೇಳಿದ್ದು!" ಎಂದು ಬೊಮ್ಮಯ್ಯ ಇನ್ನಷ್ಟು ಸುತ್ತಿದನು.

ಎಳೆಯುತ್ತ, ಶತ್ರುವಿನ ಮೀನು ಎಷ್ಟು ದೊಡ್ಡದೆಂದು ನೋಡುವ ಚಪಲ ತಾಳಲಾರದೆ, ಇಬ್ಬರೂ ಬಂಡೆಯ ಬೆನ್ನನ್ನು ಎರಡು ಕಡೆಯಿಂದ ಏರತೊಡಗಿದರು. ಬೊಮ್ಮಯ್ಯನು ಮೇಲೆ ತಲುಪಿದನು. ಹಮ್ಮಣ್ಣನ ಕಾಲು ಪಾಚಿಯ ಮೇಲೆ ಬಿತ್ತು.

ಇಲ್ಲಿ ಕವಿಯು ಸ್ವಲ್ಪ ಹೊತ್ತು ಅಲಂಕಾರಗಳನ್ನು ಪಕ್ಕಕ್ಕಿಡುತ್ತಾನೆ. ಹಮ್ಮಣ್ಣ ಜಾರಿದ. ಬಂಡೆಯ ಮೇಲೆ ಕೆಳಗಿನವರೆಗೂ ಜಾರಿ ಎದೆಮಟ್ಟದ ನೀರಿಗೆ ಬಿದ್ದ. ತೆರೆ ಬಂದು ತಲೆಯ ಮೇಲೆ ಹೋಯಿತು. ಕಡಲ ದಂಡೆಯಲ್ಲಿ ಹುಟ್ಟಿ ಮುದುಕನಾದರೂ ಅವನಿಗೆ ಈಜು ಬರುತ್ತಿರಲಿಲ್ಲ. ಹೆಂಡತಿಯ ಹೊರತು ಅದು ಯಾರಿಗೂ ಗೊತ್ತಿರಲಿಲ್ಲ. ಮೇಲೆ ಬಂದ ಮುಖದಲ್ಲಿ ಕಂಟ್ರೋಲರನಿರಲಿಲ್ಲ. ಬಾಯಿ ತೆರೆದಿತ್ತು, ಧ್ವನಿ ಬರುತ್ತಿರಲಿಲ್ಲ. ಬೊಮ್ಮಯ್ಯ ಕೆಳಗೆ ನೋಡಿದ. ಗೋವಾದ ಕೋಲನ್ನು ಕೈಬಿಟ್ಟ. ಹೊಟ್ಟೆಯ ಮೇಲೆ ಮಲಗಿ, ತಲೆ ಕೆಳಗಾಗಿ ಜಾರುತ್ತ, ಒಂದು ಕೈಯಲ್ಲಿ ಕಲ್ಲಿನ ಸಂದನ್ನು ಹಿಡಿದು ಇನ್ನೊಂದನ್ನು ಚಾಚಿದ. "ಹಮ್ಮಣ್ಣಾ, ಕೈ ಕೊಡೋ! ಕೈ ಕೊಡು!" ಎಂದ. ಬೀಗರೇ ಅನ್ನಲಿಲ್ಲ, ನೀವು ಅನ್ನಲಿಲ್ಲ. ಮುಂದಿನ ತೆರೆಗೆ ಹಮ್ಮಣ್ಣ ಎದ್ದು ಬಂದಾಗ ಕೈಗೆ ಕೈ ಸಿಕ್ಕಿತು. ಗಣಪು ಅಷ್ಟರಲ್ಲಿ ದೋಣಿ ತಂದು ಹಿಂದಿನಿಂದ ಹುಟ್ಟಿನಲ್ಲಿ ಆಸರೆ ಕೊಟ್ಟ. ಗಣಪು ತಳ್ಳಿದ, ಬೊಮ್ಮಯ್ಯ ಮೇಲಕ್ಕೆ ಎಳೆದುಕೊಂಡ.

ಎಳೆದ ರಭಸಕ್ಕೆ ಬೀಗರಿಬ್ಬರೂ ಉರುಳಿ ಬಿದ್ದದ್ದು ಒರಗುಗಲ್ಲಿನ ಪೀಠದ ಮೇಲೆ. ಕಡಲಕಾಗೆ ಬೈದುಕೊಳ್ಳುತ್ತ ಹಾರಿಹೋಯಿತು. ಇಬ್ಬರೂ ಬೆನ್ನಿಗೆ ಕಲ್ಲು ಕೊಟ್ಟು ಕುಳಿತು ಏದುಸಿರು ಬಿಟ್ಟರು. ಹಮ್ಮಣ್ಣನ ಮೊಣಕಾಲನ್ನು ಕಲ್ಲಿಗಂಟಿದ ಚಿಪ್ಪು ಕೊಯ್ದಿತ್ತು. ಬೊಮ್ಮಯ್ಯನು ಟೊಪ್ಪಿಯಿಂದ ಅದನ್ನು ಒತ್ತಿ ಹಿಡಿದನು. ಇಲ್ಲಿಯೇ ಕಥೆ ಮುಗಿದಿದ್ದರೆ ಮನುಷ್ಯಜಾತಿಯ ಬಗ್ಗೆ ಒಂದಿಷ್ಟು ಗೌರವ ಉಳಿಯುತ್ತಿತ್ತು.

ಆದರೆ ಗಣಪು, ಕಲ್ಲಿನ ಸಂದಿನಲ್ಲಿ ಸಿಕ್ಕಿಕೊಂಡಿದ್ದ ಕೋಲನ್ನು ಬಿಡಿಸಿ, ತೊಡಕಾದ ದಾರದ ಉಂಡೆಯನ್ನು ನೀರಿನಿಂದ ಎತ್ತಿದನು. ಉಂಡೆಯ ನಡುವೆ ಏನೋ ಪಟಪಟಿಸಿತು.

ಮೀನು! ಗೇಣಿಗೆ ಗಿಡ್ಡ, ಹೆಬ್ಬೆರಳಿಗೆ ದಪ್ಪ. ಬಣ್ಣವೆಂದರೆ ಯಾವ ಬಣ್ಣವೂ ಅಲ್ಲ. ಬೊಮ್ಮಯ್ಯನ ಕೊಕ್ಕೆ ಅದರ ಬಾಯಲ್ಲಿತ್ತು. ಹಮ್ಮಣ್ಣನ ಕೊಕ್ಕೆ ಅದರ ಪಕ್ಕೆಗೆ ಚುಚ್ಚಿತ್ತು. ಎರಡು ಸಾಮ್ರಾಜ್ಯಗಳ ನಡುವೆ ಸಿಕ್ಕಿದ ಬಡ ರೈತನಂತೆ ಅದು ಇಬ್ಬರನ್ನೂ ನೋಡಿತು.

"ಎಂಥ ಮೀನು ಇದು?" ಎಂದನು ಹಮ್ಮಣ್ಣ. ಧ್ವನಿ ಮರಳಿ ಬಂದಿತ್ತು.

"ಇದಕ್ಕೆ ನಾವು ಹೆಸರಿಟ್ಟಿಲ್ರ," ಎಂದನು ಗಣಪು. "ಬಲೆಗೆ ಬಂದ್ರೆ ಕಾಗೆಗೆ ಎಸೀತೇವೆ."

"ಎಂಥದೇ ಇರಲಿ," ಎಂದನು ಬೊಮ್ಮಯ್ಯ, ಹಮ್ಮಣ್ಣನ ಮೊಣಕಾಲಿನಿಂದ ಟೊಪ್ಪಿಯನ್ನು ತೆಗೆದು. "ಬಾಯಲ್ಲಿರೋದು ನನ್ನ ಕೊಕ್ಕೆ. ಕಚ್ಚಿದ್ದು ನನ್ನ ಗಾಳಕ್ಕೆ."

"ಕಚ್ಚಿದ್ದನ್ನ ಬಿಟ್ಟು ಓಡ್ತಿತ್ತು. ಪಕ್ಕೆಗೆ ಹಾಕಿ ನಿಲ್ಲಿಸಿದ್ದು ನಾನು."

"ಪಕ್ಕೆಗೆ ಹಾಕೋದು ಮೀನು ಹಿಡಿಯೋದಾ? ಅದು ಫೌಲ್!"

"ಇದೆಂಥ ಕಬಡ್ಡಿಯಾ?"

ದೋಣಿ ದಂಡೆ ತಲುಪುವವರೆಗೂ ವ್ಯಾಜ್ಯ ನಡೆಯಿತು. ಪ್ರಾಣ ಉಳಿಸಿದ್ದಕ್ಕೆ ಪ್ರತಿಯಾಗಿ ಮೀನು ತನಗೆ ಸೇರಬೇಕೆಂದು ಬೊಮ್ಮಯ್ಯನ ವಾದ. ಪ್ರಾಣಕ್ಕೂ ಪಂದ್ಯಕ್ಕೂ ಸಂಬಂಧವಿಲ್ಲ, ಅದು ನೆಂಟಸ್ತಿಕೆಯ ಖಾತೆಗೆ ಸೇರಿದ್ದೆಂದು ಹಮ್ಮಣ್ಣನ ವಾದ. ಇಬ್ಬರೂ ಗಣಪುವಿನ ಮುಖ ನೋಡಿದರು. "ಮಧ್ಯ ಕೊಯ್ದು ಅರ್ಧರ್ಧ ತಗಳಿ," ಎಂದು ಅವನು ಎಂಜಿನ್ ಜೋರು ಮಾಡಿದನು. ಬೊಮ್ಮಯ್ಯನ ಬುತ್ತಿಯ ಡಬ್ಬದಲ್ಲಿ, ಅವನು ತಿನ್ನದೆ ಬಿಟ್ಟ ಇಡ್ಲಿಯ ಪಕ್ಕದಲ್ಲಿ, ಆ ಮತ್ಸ್ಯರಾಜನು ಕೊನೆಯ ಪಯಣ ಮಾಡಿದನು.

ಮಧ್ಯಾಹ್ನದ ಸುಡುಬಿಸಿಲಲ್ಲಿ ವೀರರು ಮನೆಯಂಗಳವನ್ನು ಪ್ರವೇಶಿಸಿದರು. ಒಬ್ಬನ ಲುಂಗಿಯಿಂದ ನೀರು ಸುರಿಯುತ್ತಿತ್ತು; ಇನ್ನೊಬ್ಬನ ಅಂಗಿಯ ಗುಂಡಿಗಳೆಲ್ಲ ಕಿತ್ತು ಎದೆ ತರಚಿತ್ತು. ಜಗಲಿಯಲ್ಲಿ ಕುಳಿತಿದ್ದ ಶುಭಾಂಗಿ ಗಾಬರಿಯಿಂದ ಎದ್ದು ನಿಂತಳು. "ಅಯ್ಯೋ! ಎಂಥ ಆಯ್ತು?"

"ಏನೂ ಇಲ್ಲ ಮಗಳೇ. ನೀನು ವಕೀಲೆ, ನೀನೇ ತೀರ್ಪು ಹೇಳು," ಎಂದು ಹಮ್ಮಣ್ಣನು ಡಬ್ಬದ ಮುಚ್ಚಳ ತೆರೆದು ಅವಳ ಮುಖದೆದುರು ಹಿಡಿದನು.

ಮುಂದಿನದನ್ನು ವರ್ಣಿಸುವುದು ಕಾವ್ಯಧರ್ಮಕ್ಕೆ ಸಲ್ಲದು. ಅವಳು ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಮರಳಿ ಬಂದಾಗ ಕಣ್ಣಲ್ಲಿ ನೀರಿತ್ತು. ಅದರ ಹಿಂದೆ ಬೆಂಕಿಯಿತ್ತು.

"ಮೀನು ಕಂಡ್ರೆ ಆಗೋದಿಲ್ಲ ಅಂತ ನಿನ್ನೆ ಅಷ್ಟು ದೊಡ್ಡಕ್ಕೆ ಹೇಳಿದೆ. ಇಬ್ಬರಿಗೂ ಕೇಳಲಿಲ್ಲವಾ?"

ವೀರರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಬೊಮ್ಮಯ್ಯನು ಮೆಲ್ಲಗೆ, "ಹಾಗಲ್ಲ ಮಗಾ... ಮಗುವಿನ ಹೆಸರಿಗಾಗಿ..." ಎಂದು ಪಂದ್ಯದ ವೃತ್ತಾಂತವನ್ನು ತೊದಲಿದನು. ಬೀರಣ್ಣ, ದೇವಣ್ಣ, ಒರಗುಗಲ್ಲು, ಫೌಲ್, ಎಲ್ಲವೂ ಬಂದವು. ಬಿದ್ದದ್ದು ಬರಲಿಲ್ಲ.

"ಹೆಸರು ನಾವು ಆಗಲೇ ಇಟ್ಟಾಗಿದೆ," ಎಂದಳು ಶುಭಾಂಗಿ.

"ಹೌದಾ? ಏನು?" ಇಬ್ಬರೂ ಒಟ್ಟಿಗೆ.

"ಹೇಳೋದಿಲ್ಲ. ಹೇಳಿದ್ರೆ ಅದಕ್ಕೂ ಇಬ್ಬರೂ ಒಂದು ದೋಣಿ ಹತ್ತುತ್ತೀರಿ." ಅವಳು ಗೋಡೆ ಹಿಡಿದು ನಿಧಾನವಾಗಿ ಕುಳಿತಳು. "ಏಳು ತಿಂಗಳಾಯ್ತು. ಏನು ತಿಂತೀಯಾ ಅಂತ ಒಂದು ಸಲ ಕೇಳಿದ್ರಾ, ಇಬ್ಬರಲ್ಲಿ ಯಾರಾದ್ರೂ?"

ಶಿಸ್ತಿನ ಎದೆಯು ವಿಶ್ರಾಮ್ ಸ್ಥಿತಿಗೆ ಇಳಿಯಿತು. ಸಮುದ್ರವನ್ನು ಮೀರಿಸಿದ ಕಂಠವನ್ನು ತಗ್ಗಿಸಿ ಹಮ್ಮಣ್ಣ ಕೇಳಿದನು: "ಏನು ತಿಂತೀಯೇ, ಕೂಸೇ?"

"ಈಗ ಏನೂ ಬೇಡ," ಎಂದಳು ಅವಳು.

ಒಳಗಿನಿಂದ ತುಳಸಕ್ಕ ಬಂದಳು. ಗಂಡನ ಮೊಣಕಾಲನ್ನು ನೋಡಿದಳು, ಒದ್ದೆ ಲುಂಗಿಯನ್ನು ನೋಡಿದಳು, ತಲೆಗೂದಲಲ್ಲಿ ಅಂಟಿದ್ದ ಮರಳನ್ನು ನೋಡಿದಳು. ಈಜು ಬಾರದ ಗಂಡನ ಹೆಂಡತಿಗೆ ಬೇರೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ಅವಳ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. ಬೀಗರ ಎದುರು ಬಾಯಿ ಬಿಡಬಾರದೆಂಬ ಮರ್ಯಾದೆಗೆ ಹಲ್ಲು ಕಚ್ಚಿ, ಡಬ್ಬದಿಂದ ಆ ಪ್ರಾಣಿಯನ್ನು ಬಾಲ ಹಿಡಿದು ಎತ್ತಿದಳು.

"ಇದನ್ನು ಯಾರು ಹಿಡಿದದ್ದು?"

ಹಮ್ಮಣ್ಣನು ತಲೆ ತಗ್ಗಿಸಿದನು. "ಬೀಗರು ಹಿಡ್ದದ್ದು," ಎಂದನು.

"ಛೆ ಛೆ," ಎಂದನು ಬೊಮ್ಮಯ್ಯ ಎರಡೂ ಕೈ ಅಲ್ಲಾಡಿಸಿ. "ನನ್ನದೆಂಥ ಇತ್ತು ಅದರಲ್ಲಿ. ಅದು ಬೀಗರದ್ದೇ."

"ಇಲ್ಲ ಇಲ್ಲ, ಬಾಯಲ್ಲಿ ಅವರ ಕೊಕ್ಕೆಯೇ ಇದ್ದದ್ದು."

"ಪಕ್ಕೆಗೆ ನಿಮ್ಮದು ಇರಲಿಲ್ಲ ಅಂದ್ರೆ ಅದು ಓಡೇ ಹೋಗ್ತಿತ್ತಲ್ಲ!"

ತುಳಸಕ್ಕ ವಾದ ಮುಗಿಯುವುದಕ್ಕೆ ಕಾಯಲಿಲ್ಲ. ಹಿತ್ತಲಿಗೆ ಹೋಗಿ, ಮಗಳಿಗೆ ವಾಸನೆ ತಾಗದಂತೆ ಹೊರಗಿನ ಒಲೆಯಲ್ಲಿ, ಉಪ್ಪು ಖಾರ ಹಚ್ಚಿ ಕಾವಲಿಯ ಮೇಲೆ ಹಾಕಿದಳು. ಅದು ಇನ್ನಷ್ಟು ಚಿಕ್ಕದಾಯಿತು. ಊಟಕ್ಕೆ ಕೂತಾಗ ಅದನ್ನು ಎರಡು ತುಂಡು ಮಾಡಿ ಇಬ್ಬರ ತಟ್ಟೆಗೂ ಬಡಿಸಿದಳು. ಇಬ್ಬರೂ ತಲೆ ಎತ್ತದೆ, ಬೆರಳ ತುದಿಯಿಂದ ಬಹಳ ಹೊತ್ತು ಬಿಡಿಸಿದರು.

"ಮುಳ್ಳೇ ಜಾಸ್ತಿ," ಎಂದನು ಬೊಮ್ಮಯ್ಯ.

"ಹೌದು," ಎಂದನು ಹಮ್ಮಣ್ಣ, ಮತ್ತು ಸಾರಿಗೆ ಕೈ ಚಾಚಿದನು.